ನಮ್ಮ ಪಂಚಾಯ್ತಿ, ನಮ್ಮ ಕೊಂಡವಾಡ

ಹೋದ ವರ್ಷ ನಮ್ಮ ಕಾಕಾ ಪಂಚಾಯ್ತಿ ಚುನಾವಣೆಗೆ ನಿಂತಾಗ ಇಡೀ ಸಿಂದಗಿ ತಾಲೂಕಿನಲ್ಲಿ ನನ್ನಷ್ಟು ದೊಡ್ಡ ದನಿ ಯಾರಿಗೂ ಇರಲಿಲ್ಲ. ಇದು ನಾನು ಹೇಳುವ ಮಾತಲ್ಲ, ನಮ್ಮ ಆಯಿ ಹೇಳುವ ಮಾತು. ಅಜ್ಜಿಯರು ಮೊಮ್ಮಕ್ಕಳ ಬಗ್ಗೆ ಸುಳ್ಳು ಹೇಳುವುದಿಲ್ಲ, ಅದರಲ್ಲೂ ಬಯ್ಯುವಾಗ. ನಾನು ಹಿತ್ತಲಲ್ಲಿ ನಿಂತು ಒಮ್ಮೆ ಕೂಗಿದರೆ ಅತ್ತ ಕನ್ನೊಳ್ಳಿಯಲ್ಲಿ ಮಲಗಿದ್ದ ನಾಯಿ ಎದ್ದು ಮೈ ಕೊಡವುತ್ತಿತ್ತು. ಹಾಗಿದ್ದ ಮೇಲೆ ಪ್ರಚಾರಕ್ಕೆ ಕೂಗುವ ತಗಡಿನ ಭೋಂಗಾ ನನ್ನ ಕೈಗೇ ಬರಬೇಕಾದದ್ದು ನ್ಯಾಯ. ಬಂತು ಕೂಡ. ಒಂದು ವಾರ ನಾನು ಊಟಕ್ಕೆ ಕೂತಾಗಲೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಆಮೇಲೆ ಸಿಂದಗಿ ಬಸ್ಸಿನಿಂದ ನಮ್ಮ ಅತ್ತೆಯ ಮಗ ಇಳಿದ.

ಅವನ ಕಥೆಗೆ ಬರುವ ಮೊದಲು ಕಾಕಾನ ವಿಷಯ ಹೇಳಿಬಿಡುತ್ತೇನೆ. ನಮ್ಮ ಊರು ಸಣ್ಣದು. ಎರಡು ಮೈಲಿ ಆಚೆ ಇನ್ನೊಂದು ಊರಿದೆ, ಅದನ್ನು ನಾವು ದೊಡ್ಡೂರು ಅಂತಲೇ ಕರೆಯುವುದು. ಎರಡಕ್ಕೂ ಸೇರಿ ಒಂದೇ ಪಂಚಾಯ್ತಿ. ಚೇರ್ಮನ್ನರು ಅವರ ಊರಿನವರು, ಕಚೇರಿ ಅವರ ಊರಿನಲ್ಲಿ, ದೀಪದ ಕಂಬ ಅವರ ಓಣಿಯಲ್ಲಿ. ಪಂಚಾಯ್ತಿ ರೇಡಿಯೋ ಕೂಡ ಅಲ್ಲೇ. ಗಾಳಿ ಆ ಕಡೆಯಿಂದ ಬೀಸಿದರೆ ಮಾತ್ರ ನಮಗೆ ಪೇಟೆಯ ಧಾರಣೆ ಕೇಳಿಸುತ್ತಿತ್ತು. "ಇಂದು ಜೋಳದ ದರ" ಅನ್ನುವವರೆಗೆ ಬೀಸಿದ ಗಾಳಿ ಅಲ್ಲಿಗೆ ನಿಂತುಬಿಡುತ್ತಿತ್ತು. ದರ ದೊಡ್ಡೂರಿನಲ್ಲೇ ಉಳಿಯುತ್ತಿತ್ತು.

ಕಾಕಾ ಹಿಡಿದದ್ದು ಒಂದೇ ಹಟ: ನಮ್ಮ ಊರಿಗೆ ನಮ್ಮದೇ ಬೇರೆ ಪಂಚಾಯ್ತಿ ಬೇಕು. ನಮ್ಮ ಊರಿನ ಸೀಟಿಗೆ ಅವನ ಎದುರು ನಿಂತವನು ಕಿರಾಣಿ ಅಂಗಡಿ ಸಾವಕಾರ. ಅವನ ಮಗಳನ್ನು ದೊಡ್ಡೂರಿಗೆ ಕೊಟ್ಟಿದ್ದರು. "ಇದ್ದಂಗ ಇರ್ಲಿ ಬಿಡ್ರಿ, ಸುಮ್ನ ಬೀಗರ ಜೋಡಿ ಜಗಳ ಯಾಕ?" ಅನ್ನುವುದು ಅವನ ಪ್ರಚಾರ.

ಈಗ ಅತ್ತೆಯ ಮಗ. ನನಗಿಂತ ಒಂದೇ ವರ್ಷ ದೊಡ್ಡವನು. ಸಿಂದಗಿಯಲ್ಲಿ ಕಾಲೇಜು. ಟೆರಿಲಿನ್ ಅಂಗಿ, ಕಿಸೆಯಲ್ಲಿ ಬಾಚಣಿಕೆ, ಕೆಳಗೆ ಬೆಲ್‌ಬಾಟಂ ಪ್ಯಾಂಟು. ಆ ಪ್ಯಾಂಟು ಎಷ್ಟು ಅಗಲ ಅಂದರೆ ಅವನು ಬಸ್‌ಸ್ಟಾಪಿನಿಂದ ಮನೆಗೆ ಬರುವಷ್ಟರಲ್ಲಿ ಓಣಿಯ ಕಸ ಪೂರ್ತಿ ಗುಡಿಸಿಹೋಗಿತ್ತು. ಬಾವಿಕಟ್ಟೆಯಲ್ಲಿ ನೀರು ಸೇದುವ ಹುಡುಗಿಯರು ಕೊಡ ತುಂಬಿ ಚೆಲ್ಲುತ್ತಿದ್ದರೂ ಹಗ್ಗ ಬಿಡದೆ ಅವನನ್ನೇ ನೋಡಿದರು. ಅದೇ ಬಾವಿಯ ಹತ್ತಿರ ನಾನು ದಿನಾ ಹಾದುಹೋಗುತ್ತೇನೆ, ಒಂದು ಹನಿಯೂ ಚೆಲ್ಲಿದ್ದಿಲ್ಲ.

ಊಟಕ್ಕೆ ಕೂತೆವು. ಆಯಿ ಅವನ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಸುರಿದಳು, ಅದು ಎಲೆಯ ಅಂಚು ದಾಟಿ ನನ್ನ ಕಡೆ ಹರಿಯುತ್ತದೇನೋ ಎಂದು ನಾನು ಕಾದೆ. ಅದಕ್ಕೂ ನನ್ನ ಮೇಲೆ ಮನಸ್ಸಿರಲಿಲ್ಲ.

"ಆಯೀ, ನನಗ?"

"ನಿನಗೇನ್ ಕಮ್ಮಿ ಆಗೇತೋ? ದಿನಾ ಇಲ್ಲೇ ಬಿದ್ದಿರ್ತಿ. ಅಂವ ಓದಿ ದಣದು ಬಂದಾನ."

ಕೈ ತೊಳೆದ ಮೇಲೆ ಕಾಕಾ ನನ್ನ ತೊಡೆ ನೋಡಿದ. "ಭೋಂಗಾ ಅವಗ ಕೊಡಲೇ. ಓದಿದಾಂವ ಮಾತಾಡ್ಲಿ."

"ಮತ್ತ ನಾನೇನ್ ಮಾಡ್ಲಿ ಕಾಕಾ?"

"ನೀ ಕಂದೀಲ ಹಿಡಿ."

ಕಂದೀಲು ಕಾಕಾನ ಚುನಾವಣೆ ಗುರುತು. ಮರುದಿನದಿಂದ ಸುಡು ಸುಡು ಬಿಸಿಲಿನಲ್ಲಿ ಹಚ್ಚದ ಕಂದೀಲನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದುಕೊಂಡು ನಾನು ಅವನ ಹಿಂದೆ ತಿರುಗಿದೆ. ದಾರಿಯಲ್ಲಿ ಸಿಕ್ಕವರು, "ಏನೋ ತಮ್ಮಾ, ಹಗಲ ಹೊತ್ತಿನಾಗ ಏನ್ ಹುಡುಕಾಕತ್ತೀ?" ಅಂತ ಕೇಳುತ್ತಿದ್ದರು. ಮುಂದೆ ಭೋಂಗಾದಲ್ಲಿ ಅವನು ಸ್ವಯಮಾಡಳಿತ, ಪ್ರಜಾಪ್ರಭುತ್ವ ಅನ್ನುತ್ತಿದ್ದ. ಆ ಶಬ್ದಗಳು ಯಾರಿಗೂ ತಿಳಿಯಲಿಲ್ಲ, ಆದ್ದರಿಂದ ಎಲ್ಲರಿಗೂ ಹಿಡಿಸಿದವು. ಅವನಿಗೆ ಗಂಟಲು ಕಟ್ಟಲಿ ಎಂದು ನಾನು ಹಣಮಪ್ಪನಿಗೆ ಕಾಯಿ ಒಡೆಯುವ ಹರಕೆ ಹೊತ್ತೆ. ಹಣಮಪ್ಪ ಕೂಡ ಕಾಲೇಜು ಓದಿದವರ ಕಡೆಯೇ ಇದ್ದಂತೆ ಕಂಡಿತು.

ಕೊನೆಯ ಸಭೆ ಹಣಮಪ್ಪನ ಗುಡಿಯ ಕಟ್ಟೆಯಲ್ಲಿ, ಹೊತ್ತು ಇಳಿಯುವಾಗ. ಊರೆಲ್ಲ ಕೂಡಿತ್ತು. ಸಾವಕಾರ ಕೂಡ ಅಂಗಡಿ ಬಾಗಿಲು ಅರ್ಧ ಹಾಕಿ ಬಂದು ನಿಂತಿದ್ದ. ಅತ್ತೆಯ ಮಗ ಕಟ್ಟೆ ಹತ್ತಿದ.

"ನಮ್ಮ ಪಂಚಾಯ್ತಿ ಬಂದರೆ ನಮ್ಮದೇ ರೇಡಿಯೋ!" ಅಂದ. ಚಪ್ಪಾಳೆ. "ನಮ್ಮದೇ ದೀಪ!" ಅಂದ. ಇನ್ನೂ ಜೋರು ಚಪ್ಪಾಳೆ. ಮುಖ ಒರೆಸಿಕೊಳ್ಳಲು ಅವನು ಕರವಸ್ತ್ರ ತೆಗೆದು ಭೋಂಗಾ ಕೆಳಗೆ ಇಳಿಸಿದನೋ ಇಲ್ಲವೋ, ನಾನು ಕಂದೀಲನ್ನು ಅವನ ಕೈಗಿತ್ತು ಭೋಂಗಾ ಕಸಿದುಕೊಂಡೆ. ಅವನಿಗಿಂತ ದೊಡ್ಡದು ಏನಾದರೂ ಹೇಳಲೇಬೇಕಿತ್ತು. ಪಂಚಾಯ್ತಿ ಕಚೇರಿಯಲ್ಲಿ ಇನ್ನೇನಿದೆ ಎಂದು ನೆನಪು ಮಾಡಿಕೊಂಡೆ. ಹೊಳೆಯಿತು.

"ರೇಡಿಯೋ, ದೀಪ ಅಷ್ಟ ಅಲ್ರೀ! ನಮ್ಮ ಊರಾಗ ನಮ್ಮದ ಕೊಂಡವಾಡ!"

ಕನ್ನೊಳ್ಳಿಯ ನಾಯಿ ಎದ್ದಿರಬೇಕು. ನಮ್ಮ ಊರು ಮಾತ್ರ ಪೂರ್ತಿ ಮಲಗಿಬಿಟ್ಟಿತು. ಒಂದು ಚಪ್ಪಾಳೆ ಇಲ್ಲ.

ಕೊಂಡವಾಡ ಅಂದರೆ ಇನ್ನೊಬ್ಬರ ಹೊಲ ಮೇಯ್ದ ಕಳ್ಳ ದನವನ್ನು ಕೂಡಿಹಾಕುವ ದೊಡ್ಡಿ. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ಅದು ಇದ್ದದ್ದು ದೊಡ್ಡೂರಿನಲ್ಲಿ. ನಮ್ಮ ಊರಿನ ದನ ಹೊಲಕ್ಕೆ ನುಗ್ಗಿದರೆ ಅಷ್ಟು ದೂರ ಹೊಡೆದುಕೊಂಡು ಹೋಗುವವರು ಯಾರು? ಹೊಲದವರು ದನದ ಯಜಮಾನನಿಗೆ ಬಾಯಿ ನೋಯುವವರೆಗೆ ಬಯ್ದು ಮನೆಗೆ ಹೋಗುತ್ತಿದ್ದರು. ಆ ಎರಡು ಮೈಲಿಯ ಮೇಲೆಯೇ ನಮ್ಮ ಊರಿನ ಅರ್ಧ ಹೈನು ನಡೆದಿತ್ತು. ಎಲ್ಲರಿಗಿಂತ ದೊಡ್ಡ ಕಳ್ಳ ನಮ್ಮ ಮನೆಯ ಎಮ್ಮೆ.

ಸಾವಕಾರ ಕಾಕಾನ ಕಡೆ ತಿರುಗಿದ. "ಹುಡುಗ ಖರೇ ಹೇಳಿದ್ನೋಡ್ರಿ! ಈಗ ನೀವ ಹೇಳ್ರಿ, ನಿಮ್ಮ ಪಂಚಾಯ್ತ್ಯಾಗ ಕೊಂಡವಾಡ ಇರತೈತೋ ಇಲ್ಲೋ?"

ಕಾಕಾ ನನ್ನ ಕಡೆ ನೋಡಿದ. ಆ ನೋಟಕ್ಕೆ ಹಸಿ ಜೋಳ ಅರಳಾಗುತ್ತಿತ್ತು. ಅತ್ತೆಯ ಮಗ ಕಂದೀಲು ಹಿಡಿದುಕೊಂಡೇ, "ಈ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ..." ಅಂತ ಶುರು ಮಾಡಿದ.

"ನೀ ಸುಮ್ಮನಿರೋ ಶ್ಯಾಣ್ಯಾ," ಅಂದಳು ಒಬ್ಬ ಮುದುಕಿ. ಕೆರೆ ದಂಡೆಯಲ್ಲಿ ಅವಳದು ಒಂದು ತುಂಡು ತೊಗರಿ ಹೊಲ. ನಮ್ಮ ಎಮ್ಮೆಗೆ ಅದು ಪಂಕ್ತಿ ಊಟದ ಮನೆ. ಅವಳು ಕಾಕಾನ ಮುಂದೆ ಬಂದು ನಿಂತಳು. "ತಮ್ಮಾ, ಕೊಂಡವಾಡ ಆತು ಅಂತ ತಿಳಿ. ಮೊದಲ ಯಾರ ದನ ಕಟ್ಟತಿ? ನಮ್ಮಂಥಾ ಬಡವರವೇನು?"

ಕೊಂಡವಾಡವೇ ಇಲ್ಲ ಅಂದುಬಿಟ್ಟರೆ ದನದವರ ಮತವೆಲ್ಲ ಕಾಕಾನ ಉಡಿಗೆ ಬೀಳುತ್ತಿತ್ತು. ಆದರೆ ರೇಡಿಯೋ ಬೇಕು, ದೀಪ ಬೇಕು, ಕೊಂಡವಾಡ ಬೇಡ ಅನ್ನುವ ಪಂಚಾಯ್ತಿ ಪಂಚಾಯ್ತಿಯೇ ಅಲ್ಲ ಎಂದು ಸಾವಕಾರ ನಗಲು ಬಾಯಿ ತೆರೆದೇ ನಿಂತಿದ್ದ. ಕಾಕಾ ಟೊಪ್ಪಿಗೆ ತೆಗೆದ, ತಲೆ ಕೆರೆದ, ಮತ್ತೆ ಹಾಕಿಕೊಂಡ.

"ಇರತೈತಿ," ಅಂದ. "ನಮ್ಮ ಕಾರಭಾರ ನಾವ ಮಾಡ್ಕೋತೇವಿ ಅಂದಮ್ಯಾಗ ನಮ್ಮ ಕಳ್ಳರನ್ನೂ ನಾವ ಹಿಡೀಬೇಕಲ್ಲ. ಮೊದಲ ನಮ್ಮನಿ ಎಮ್ಮೀನ ಕಟ್ಟತೇನಿ."

"ಗುಡಿ ಮುಟ್ಟಿ ಹೇಳು."

ಕಾಕಾ ಕಟ್ಟೆ ಮುಟ್ಟಿದ. ಮುದುಕಿ ಮೊದಲು ನಕ್ಕಳು, ಆಮೇಲೆ ಊರು ನಕ್ಕಿತು. ಸಾವಕಾರ ಅಂಗಡಿಯ ಇನ್ನರ್ಧ ಬಾಗಿಲು ತೆಗೆಯಲು ಹೋದ.

ಕಾಕಾ ಆರಿಸಿ ಬಂದ. ಆರಿಸಿ ತಂದ ಮಾತು ಯಾರದು? ನನ್ನದು. ಹೆಸರು ಯಾರಿಗೆ? ಇಂಡಿಯಿಂದ, ಬಾಗೇವಾಡಿಯಿಂದ ಬಂದ ಬೀಗರಿಗೆಲ್ಲ ಆಯಿ, "ನಮ್ಮ ಮಗಳ ಮಗ ಭಾಷಣ ಮಾಡಿ ಗೆಲ್ಲಿಸಿದಾ" ಅಂತ ಹೇಳಿದಳು. ಕಾಕಾ ಅವನನ್ನು ಸಿಂದಗಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ. ಪಡಸಾಲೆಯಲ್ಲಿ ಈಗಲೂ ತೂಗುತ್ತಿದೆ: ಕಾಕಾ ಕುರ್ಚಿಯಲ್ಲಿ, ಅವನು ಪಕ್ಕದಲ್ಲಿ, ಕೈಯಲ್ಲಿ ನನ್ನ ಭೋಂಗಾ. ಆ ಫೋಟೋ ನೋಡಿ ಮುದ್ದೇಬಿಹಾಳದ ಕಡೆಯ ಒಬ್ಬರು ಅವನಿಗೆ ಹೆಣ್ಣು ಕೊಡುವ ಮಾತು ತೆಗೆದರು. ಮಾತು ನಡೆಯುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನನ್ನು ಕರೆದು ಚಪ್ಪಲಿ ನೆರಳಿಗೆ ಇಡು ಅಂದರು.

ಬೇರೆ ಪಂಚಾಯ್ತಿಯ ಅರ್ಜಿ ಬಿಜಾಪುರಕ್ಕೆ ಹೋಗಿದೆ, ಇನ್ನೂ ತಿರುಗಿ ಬಂದಿಲ್ಲ. ಮುದುಕಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮತ ಎಣಿಸಿದ ಮರುದಿನವೇ ನಮ್ಮ ಎಮ್ಮೆಯನ್ನು ತೊಗರಿಯಿಂದ ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. "ಎಲ್ಲೈತಿ ಕೊಂಡವಾಡ?"

ಕಾಕಾ ಹಿತ್ತಲು ತೋರಿಸಿದ. ಜಾಲಿ ಮುಳ್ಳಿನ ಬೇಲಿ ಹಾಕುವ ಕೆಲಸ ನನಗೆ ಬಂತು, ಕಾಯುವ ಕೆಲಸವೂ ನನಗೇ. ಕೂಗಿದವನೇ ಕಾಯಲಿ ಅನ್ನುವುದು ಕಾಕಾನ ತೀರ್ಪು. ಸರಕಾರಕ್ಕೆ ಇನ್ನೂ ಗೊತ್ತಿಲ್ಲದ ಪಂಚಾಯ್ತಿಯ ಕೊಂಡವಾಡದಲ್ಲಿ ಇರುವ ಒಂದೇ ಕೈದಿ ನಮ್ಮ ಎಮ್ಮೆ. ನನ್ನನ್ನೂ ಎಣಿಸಿದರೆ ಇಬ್ಬರು.

ಮುದುಕಿ ದಿನಾ ಬೆಳಿಗ್ಗೆ ಬಂದು ಬೇಲಿ ನೋಡಿಕೊಂಡು ಹೋಗುತ್ತಾಳೆ. ಮೊನ್ನೆ ಅಂದಳು, "ಆ ಶ್ಯಾಣ್ಯಾ ಅಂದಿದ್ದು ನನಗ ಒಂದೂ ನೆನಪಿಲ್ಲ ನೋಡಪಾ. ನೀ ಒದರಿದ್ದು ಒಂದ ನೆನಪೈತಿ."

ನನಗೆ ಕಣ್ಣು ತುಂಬಿ ಬಂತು. "ಯವ್ವಾ, ಇದನ್ನ ಪಡಸಾಲ್ಯಾಗ ಬಂದು ಎಲ್ಲಾರಿಗೂ ಕೇಳೂವಂಗ ಹೇಳ್ರಿ."

"ನನಗೆಲ್ಲೈತಪಾ ಅಷ್ಟು ದನಿ? ನೀನ ಒದರು."

ಒದರಿದೆ. ಭೋಂಗಾ ಇಲ್ಲದೆಯೇ, ಪಡಸಾಲೆಯ ಫೋಟೋ ಅಲುಗುವ ಹಾಗೆ ಒದರಿದೆ. ಎಮ್ಮೆ ಬೆಚ್ಚಿಬಿದ್ದು ನಾನು ಹಾಕಿದ ಬೇಲಿಯನ್ನು ಕೊರಳಿಗೆ ಮಾಲೆಯಂತೆ ಹಾಕಿಕೊಂಡು ಕೆರೆ ದಂಡೆಯ ಕಡೆ ಓಡಿತು. ಹಿಂದೆ ಮುದುಕಿ, ಅವಳ ಹಿಂದೆ ನಾನು.