ಏಕೋಣೀಸಿಗೆ ನಿಂತ ಎಣಿಕೆ

ಅವರ ಕೆಳತುಟಿಯ ನಟ್ಟನಡುವೆ ಜೋಳದ ಕಾಳಿನಷ್ಟು ದೊಡ್ಡ ಕಪ್ಪು ಕಲೆಯಿತ್ತು. ಬೀಡಿ ಸೇದಿ ಆದದ್ದು ಎಂದು ನಾನು ಮೊದಲ ದಿನವೇ ತೀರ್ಮಾನಿಸಿ, ಮನಸ್ಸಿನಲ್ಲೇ ಅವರಿಗೆ ಒಂದಿಷ್ಟು ಅಂಕ ಕಳೆದಿದ್ದೆ. ಆಮೇಲೆ ಗೊತ್ತಾಯಿತು, ಅದು ಸೀಟಿಯ ಕಲೆ. ಇಪ್ಪತ್ತೈದು ವರ್ಷ ಒಂದೇ ಹಿತ್ತಾಳೆಯ ಸೀಟಿಯನ್ನು ತುಟಿಯ ಒಂದೇ ಜಾಗಕ್ಕೆ ಒತ್ತಿ ಊದಿ ಊದಿ ಅಲ್ಲಿನ ಚರ್ಮ ದಪ್ಪಗಾಗಿ ಕಪ್ಪಿಟ್ಟಿತ್ತು. ತಂಬಾಕಿನ ಸೀಮೆಯಲ್ಲಿ ಹುಟ್ಟಿಯೂ ತಂಬಾಕು ಮುಟ್ಟದ ಮನುಷ್ಯ ಅವರು. ಕಳೆದ ಅಂಕವನ್ನು ನಾಚಿಕೊಂಡು ವಾಪಸು ಕೊಟ್ಟೆ.

ಚಿಕ್ಕೋಡಿ ತಾಲೂಕಿನ ಒಂದು ಹೈಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಬಂದದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ಸಮಾಜ ವಿಜ್ಞಾನ ಕಲಿಸುತ್ತಿದ್ದ ಅವರನ್ನು ಇಡೀ ಶಾಲೆ 'ಸ್ಕೌಟ್ ಸರ್' ಎಂದೇ ಕರೆಯುತ್ತಿತ್ತು. ಬಂದ ಎರಡನೇ ತಿಂಗಳಿಗೆ ಹೆಡ್ ಮಾಸ್ತರರು ನನ್ನನ್ನು ಕರೆದು, "ಅಕ್ಕೋರ, ಸ್ಕೌಟ್ ಸರ್ ಹುಡುಗ್ಯಾರನ್ನೂ ಹೊರಗ ಕರಕೊಂಡ ಹೋಗ್ತಾರ. ಜೋಡಿ ಒಬ್ಬರು ಹೆಣ್ಮಕ್ಕಳು ಬೇಕ. ನೀವು ಸಣ್ಣವರ ಅದೀರಿ, ನೀವ ಆಗ್ರಿ," ಎಂದರು. ಸಣ್ಣವಳಾದದ್ದೇ ತಪ್ಪಾಯಿತು. ಗೊಣಗುತ್ತಲೇ ಏಳು ದಿನದ ತರಬೇತಿಗೆ ಹೋದೆ. ಗಂಟು ಹಾಕುವುದು ಕಲಿತೆ, ಧ್ವಜ ಕಟ್ಟುವುದು ಕಲಿತೆ. ಸೀಟಿಯ ಪಾಠದ ಮಧ್ಯಾಹ್ನ ಹಿಂದಿನ ಸಾಲಿನಲ್ಲಿ ಕೂತು ಹಾಯಾಗಿ ತೂಕಡಿಸಿದೆ.

ಸ್ಕೌಟ್ ಸರ್ ಅವರಂಥ ಅಂಜುಬುರುಕ ಮನುಷ್ಯನನ್ನು ನಾನು ನೋಡಿರಲಿಲ್ಲ. ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವುದಿದ್ದರೆ ಹಿಂದಿನ ಭಾನುವಾರ ಸೈಕಲ್ಲಿನ ಮೇಲೆ ಒಬ್ಬರೇ ಆ ದಾರಿ ತುಳಿದು ಬರುತ್ತಿದ್ದರು. ಬಾವಿಗೆ ಕಟ್ಟೆ ಇದೆಯೋ, ಕರೆಂಟಿನ ತಂತಿ ಜೋತಿದೆಯೋ, ಕಟ್ಟದ ನಾಯಿ ಯಾರ ಮನೆಯಲ್ಲಿದೆ, ಎಲ್ಲವೂ ಅವರ ಪಾಕೆಟ್ ಬುಕ್ಕಿನಲ್ಲಿ ಇರುತ್ತಿತ್ತು. ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡುತ್ತಿದ್ದರು. ಒಬ್ಬರು ಮೂತ್ರಕ್ಕೆ ಹೋದರೂ ಜೋಡಿ ಹೊರಗೆ ಕಾಯಬೇಕು. ಅವರಂತೂ ನಡೆಯುವಾಗ, ನಿಂತಾಗ, ಉಣ್ಣುವಾಗ ಎಣಿಸುತ್ತಲೇ ಇರುತ್ತಿದ್ದರು. ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಿದರೆ ಎಲ್ಲ ಸರಿಯಿದೆ ಎಂದರ್ಥ. ಮನಸ್ಸಿನೊಳಗೆ ದಿಗಿಲು ಹೊಕ್ಕರೆ ಎಣಿಕೆ ಗಂಟಲಿನೊಳಕ್ಕೆ ಇಳಿದು ಮರಾಠಿಗೆ ತಿರುಗುತ್ತಿತ್ತು: ಏಕ, ದೋನ, ತೀನ... ನಿಪ್ಪಾಣಿ ಕಡೆಯವರು, ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತವರು. ಹೆದರಿದ ನಾಲಿಗೆ ಆ ಶಾಲೆಗೇ ಓಡುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಅವರಿಗೆ 'ಪುಕ್ಕಲ ಸರ್' ಎಂಬ ಇನ್ನೊಂದು ಹೆಸರೂ ಇತ್ತು. ನಾನೂ ನಕ್ಕವಳೇ. ಅವರು ಚಹಾದ ಕಪ್ಪಿನ ಮೇಲಿಂದ ನೋಡಿ, "ಹೌದ್ರಿ, ಪುಕ್ಕಲನ ಅದೀನಿ. ಅವು ನನ್ನ ಮಕ್ಕಳಲ್ರಿ. ನನ್ನವಾಗಿದ್ರ ಇಷ್ಟ ಅಂಜತಿದ್ದಿಲ್ಲ," ಎನ್ನುತ್ತಿದ್ದರು.

ಮಕ್ಕಳಿಗೆ ಅವರು ಕೈ ಎತ್ತಿದ್ದನ್ನು ನಾನು ಕಾಣೆ. ತಪ್ಪು ಮಾಡಿದವರನ್ನು ಮೈದಾನದ ನಡುವಿನ ಝಂಡಾ ಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗನ ಕಿಸೆಯಲ್ಲಿ ಗುಟ್ಕಾ ಚೀಟು ಸಿಕ್ಕಾಗ ಅವನ ಜೊತೆ ಆ ಕಟ್ಟೆಯ ಸುತ್ತ ಇಡೀ ಒಂದು ಪೀರಿಯಡ್ ನಡೆದರು. ಏನು ಮಾತಾಡಿದರೋ ಯಾರಿಗೂ ತಿಳಿಯಲಿಲ್ಲ. ಹುಡುಗ ಮಾತ್ರ ಮುಖ ತೊಳೆದುಕೊಂಡು ಕ್ಲಾಸಿಗೆ ಬಂದ. ಆಫೀಸಿಗೆ ಕರೆದು ಬೈಯಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, "ಬಾಗಲಾ ಹಾಕಿ ಹುಡುಗರ ಜೋಡಿ ಮಾತಾಡಬಾರದ್ರಿ. ಎಲ್ಲಾರಿಗೂ ಕಾಣಬೇಕ, ಯಾರಿಗೂ ಕೇಳಬಾರದ," ಎಂದರು.

ಸ್ಕೌಟಿನಲ್ಲಿ ಎಡಗೈ ಕುಲುಕುವ ಪದ್ಧತಿ. ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಮನೆಗೆ ಬಂದಿದ್ದ ನೆಂಟರಿಗೆಲ್ಲ ಎಡಗೈ ಚಾಚಿದಳಂತೆ. ಮರುದಿನ ಅವಳ ಅಜ್ಜಿ ಕರೋಶಿಯಿಂದ ಬಸ್ಸು ಹತ್ತಿ ಜಗಳಕ್ಕೇ ಬಂದರು. "ಏನ್ರಿ ಮಾಸ್ತರ, ತೊಳಕೊಳ್ಳೂ ಕೈ ಕೊಡಾಕ ಕಲಸ್ತೀರೇನ್ರಿ ಸಾಲ್ಯಾಗ?" ಸರ್ ನಗಲಿಲ್ಲ. "ಆಯಿ, ಬಲಗೈಯಾಗ ಕೆಲಸ ಇರತೈತಿ. ಎಡಗೈ ಖಾಲಿ ಇರತೈತಿ, ಅದನ್ನ ದೋಸ್ತರಿಗೆ ಇಟ್ಟೀವಿ," ಎಂದು ತಮ್ಮ ಎಡಗೈ ಚಾಚಿದರು. ಅಜ್ಜಿ ಸುತ್ತ ನೋಡಿ, ಯಾರೂ ಕಾಣುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಮೆಲ್ಲಗೆ ಕುಲುಕಿದರು. ಕಿಟಕಿಯಲ್ಲಿ ನಾನು ಇದ್ದೆ.

ಇನ್ನು ಸೀಟಿ. ಮಕ್ಕಳು ಕಣ್ಣಿಗೆ ಕಾಣದಷ್ಟು ದೂರ ಇದ್ದಾಗ ಅವರಿಗೂ ಸರ್‌ಗೂ ನಡುವೆ ಇರುವ ಭಾಷೆ ಅದೊಂದೇ. ಚಿಕ್ಕಚಿಕ್ಕದಾಗಿ ಬಿಡಿಬಿಡಿಯಾಗಿ ಊದಿದರೆ 'ಬಿಟ್ಟದ್ದು ಬಿಟ್ಟು ಓಡಿ ಬನ್ನಿ'. ಉದ್ದುದ್ದ ಎಳೆದು ಊದಿದರೆ 'ಚದುರಿ, ಇನ್ನೂ ದೂರ ಹೋಗಿ'. "ಸೀಟಿ ಪಾಠ ಆತೇನ್ರಿ, ಅಕ್ಕೋರ?" ಎಂದು ಅವರು ನನ್ನನ್ನು ಮೂರು ಸಲವಾದರೂ ಕೇಳಿದ್ದರು. ಮೂರು ಸಲವೂ ನಾನು, "ಆಗೇತ್ರಿ ಸರ್," ಎಂದಿದ್ದೆ.

ಆ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ಇಪ್ಪತ್ತೆರಡು ಮಕ್ಕಳನ್ನು ಟೆಂಪೋದಲ್ಲಿ ಕೂರಿಸಿಕೊಂಡು ರಾಯಬಾಗ ಕಡೆ, ಕೃಷ್ಣಾ ನದಿಯ ದಂಡೆಯ ಒಂದು ತೋಟಕ್ಕೆ ಹೋದೆವು. ಒಬ್ಬ ವಿದ್ಯಾರ್ಥಿಯ ಸೋದರಮಾವನ ತೋಟ. ಒಂದು ಕಡೆ ಎತ್ತರದ ಒಡ್ಡು, ಆಚೆಗೆ ಆಳೆತ್ತರ ಮೀರಿದ ಕಬ್ಬು, ಕಬ್ಬಿನ ಆಚೆ ಹೊಳೆ. ರೊಟ್ಟಿ ಝುಣಕ ಉಂಡಾದ ಮೇಲೆ ಬದುಗಳ ಮೇಲೆ ಗುರುತು ಹುಡುಕುವ ಆಟ. ಹೊಳೆಗಿಂತ ಮೊದಲು ಕಬ್ಬಿನಲ್ಲಿ ಅಡ್ಡ ಹಾದಿದ್ದ ನೀರಿನ ಪೈಪು ದಾಟಬಾರದು ಎಂದು ಸರ್ ಮಕ್ಕಳಿಂದ ಎರಡು ಸಲ ಹೇಳಿಸಿದರು. ಅಷ್ಟರಲ್ಲಿ ಒಬ್ಬ ಹುಡುಗನ ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿ ರಕ್ತ ಸುರಿಯತೊಡಗಿತು. ಅವನನ್ನೂ ಅವನ ಜೋಡಿಯನ್ನೂ ಕರೆದುಕೊಂಡು ಸರ್ ತೋಟದ ಮನೆಯ ಕಡೆ ಹೊರಟರು. ಹೊರಡುವಾಗ ಕೊರಳಿನ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದರು. "ಇಪ್ಪತ್ತ ಮಂದಿ ನಿಮ್ಮ ಕೈಯಾಗ್ರಿ."

ಅವರು ಹೋಗಿ ಹತ್ತು ನಿಮಿಷ ಆಗಿರಬಹುದು. ತೋಟದ ಆಳು ಒಡ್ಡಿನ ಮೇಲೆ ಓಡುತ್ತ ಬಂದ. "ಅಕ್ಕೋರ, ಹುಡುಗರನ್ನ ಹೊಳಿ ಕಡೆ ಬಿಡಬ್ಯಾಡ್ರಿ! ದಂಡಿಗಿ ಮೊಸಳಿ ಬಿದ್ದೇತಿ!"

ಸೀಟಿ ಬಾಯಿಗಿಟ್ಟು ಇದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಹೆದರಿದವರು ಹೇಗೆ ಊದುತ್ತಾರೆ? ಉದ್ದಕ್ಕೆ. ಎಳೆದು ಎಳೆದು.

ಮಕ್ಕಳು ಕಾಣುತ್ತಿರಲಿಲ್ಲ. ಅವರಿದ್ದ ಕಡೆ ಕಬ್ಬಿನ ತುದಿಗಳು ಅಲುಗುತ್ತಿದ್ದವು, ಅಷ್ಟೆ. ನಾನು ಊದಿದೊಡನೆ ಆ ಅಲುಗಾಟ ನನ್ನ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ದೂರ ಹೋಗತೊಡಗಿತು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ, ಇನ್ನೂ ಉದ್ದಕ್ಕೆ ಊದಿದೆ. ತುದಿಗಳು ಇನ್ನೂ ವೇಗವಾಗಿ ಹೊಳೆಯ ಕಡೆ ಹೋದವು. ಹತ್ತು ಕಡೆ ಕಬ್ಬು ಅಲುಗುತ್ತ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಇವಕ್ಕೆ ಏನಾಗಿದೆ, ಯಾಕೆ ಹೀಗೆ ಸಾಯಲು ಓಡುತ್ತಿವೆ ಎಂದು ನನಗೆ ಸಿಟ್ಟೇ ಬಂತು. ನಾನು ಊದುತ್ತಿದ್ದೆ, ಅವು ಪಾಪ, ಹೇಳಿದ ಮಾತು ಕೇಳುತ್ತಿದ್ದವು.

ಸರ್ ಬರಿಗಾಲಲ್ಲಿ ಓಡಿ ಬಂದದ್ದು ನನಗೆ ಕಾಣಲಿಲ್ಲ. ಬಾಯಿಂದ ಸೀಟಿ ಕಿತ್ತುಕೊಂಡಾಗಲೇ ಗೊತ್ತಾಯಿತು. ಚುಟುಕಾಗಿ, ಬಿಡಿಬಿಡಿಯಾಗಿ ಊದಿದರು. ಕಬ್ಬಿನ ತುದಿಗಳು ಒಮ್ಮೆಲೇ ನಿಂತವು. ಆಮೇಲೆ ತಿರುಗಿದವು.

ಮಕ್ಕಳು ಮೈಯೆಲ್ಲ ಕಬ್ಬಿನ ಒಣ ಎಲೆಯ ರವದಿ ಅಂಟಿಸಿಕೊಂಡು ಒಬ್ಬೊಬ್ಬರೇ ಒಡ್ಡು ಹತ್ತಿದರು. ಸರ್ ಒಬ್ಬೊಬ್ಬರ ತಲೆ ಮುಟ್ಟುತ್ತ ಗಂಟಲಿನೊಳಗೇ ಎಣಿಸುತ್ತಿದ್ದರು. ಸತರಾ, ಅಠರಾ, ಏಕೋಣೀಸ. ಏಕೋಣೀಸ ಎಂದರೆ ಹತ್ತೊಂಬತ್ತು. ಎಣಿಕೆ ಅಲ್ಲಿಗೆ ನಿಂತಿತು. ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ಜೋಡಿಯಿಲ್ಲದೆ ಅಳುತ್ತ ನಿಂತಿದ್ದಳು. ಬಾರದವಳು ಕರೋಶಿಯ ಅಜ್ಜಿಯ ಮೊಮ್ಮಗಳು.

ಪೈಪಿನ ಆಚೆ ಕಬ್ಬಿನ ನಡುವೆ ಹೊಳೆಗೆ ಇಳಿಯುವ ಒಂದು ಕಾಲುದಾರಿ ಇತ್ತು. ಒಡ್ಡಿನ ಮೇಲಿಂದ ಅದರ ತುದಿಯಲ್ಲಿ ಅಂಗೈಯಗಲ ಹೊಳೆ ಕಾಣುತ್ತಿತ್ತು. ಹುಡುಗಿ ಅಲ್ಲಿ ನಿಂತಿದ್ದಳು, ನೀರಿಗೆ ಮುಖ ಮಾಡಿ. ಅವಳಿಂದ ಇಪ್ಪತ್ತು ಹೆಜ್ಜೆ ಆಚೆ ಉಸುಕಿನ ಮೇಲೆ ಅದು ಬಿದ್ದಿತ್ತು. ಅವಳ ಕಾಲು ಕಿತ್ತು ಬರುತ್ತಿರಲಿಲ್ಲ.

"ಹತ್ತೊಂಬತ್ತ ಮಂದಿ ನಿಮ್ಮ ಕಡೆ. ಯಾರೂ ಒದರಬಾರದ," ಎಂದು ಹೇಳಿ ಸರ್ ಇಳಿದರು. ಓಡಲಿಲ್ಲ. ಹೊಲಕ್ಕೆ ನೀರು ಹಾಯಿಸಲು ಹೊರಟವರ ಹಾಗೆ ಸಾವಕಾಶ ನಡೆದರು. ಅವಳ ಪಕ್ಕ ಹೋಗಿ ನಿಂತು ತಮ್ಮ ಎಡಗೈ ಚಾಚಿದರು. ಹುಡುಗಿ ಹೊಳೆಯಿಂದ ಕಣ್ಣು ಕೀಳಲಿಲ್ಲ. ಆದರೆ ಅವಳ ಎಡಗೈ ತಾನಾಗಿಯೇ ಮೇಲೆದ್ದು ಆ ಕೈ ಹಿಡಿಯಿತು. ದಿನಾ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಹಿಡಿದು ರೂಢಿಯಾದ ಕೈ. ಇಬ್ಬರೂ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಕಬ್ಬಿನೊಳಕ್ಕೆ ಬಂದರು. ಆ ಪ್ರಾಣಿ ಮಲಗಿದಲ್ಲಿಂದ ಅಲುಗಲಿಲ್ಲ. ಒಡ್ಡು ಹತ್ತಿ, ಅವಳ ತಲೆ ಮುಟ್ಟಿ, "ವೀಸ," ಎಂದರು ಸರ್. ಇಪ್ಪತ್ತು.

ಸ್ವಲ್ಪ ಹೊತ್ತಿನ ನಂತರ ಪಂಪಿನ ಮನೆಯ ಹಿಂದೆ ಅವರನ್ನು ನೋಡಿದೆ. ಗೋಡೆಗೆ ಒರಗಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದರು. ನಾನು ಅತ್ತೆ. "ಅಳೂದ ಆಮ್ಯಾಲ, ಅಕ್ಕೋರ. ಮೊದಲ ಹುಡುಗರನ್ನ ಮನಿ ಮುಟ್ಟಸೂಣು," ಎಂದರು.

ಸೋಮವಾರ ಸುದ್ದಿ ಶಾಲೆ ಮುಟ್ಟಿತ್ತು. ಹೆಡ್ ಮಾಸ್ತರರು ಕೆಂಡವಾಗಿದ್ದರು. ಪೈಪು ದಾಟಿ ಹೊಳೆಗೆ ಹೋದ ಮಕ್ಕಳಿಗೆಲ್ಲ ಛಡಿ ಏಟು, ಪಾಲಕರಿಗೆ ಕರೆ ಎಂದು ಹೇಳಿಬಿಟ್ಟರು. ನಾನು ಬಾಯಿ ಬಿಡಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸರ್ ನನ್ನ ಕಡೆ ನೋಡಿ, "ಬರ್ರಿ, ಅಕ್ಕೋರ," ಎಂದು ಹೊರಗೆ ನಡೆದರು. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ.

ಇಡೀ ಶಾಲೆಯ ಕಿಟಕಿಗಳಿಗೆ ಕಾಣುವ ಹಾಗೆ ನಾವಿಬ್ಬರೂ ಝಂಡಾ ಕಟ್ಟೆಯ ಸುತ್ತ ನಡೆದೆವು. ಆ ಗುಟ್ಕಾ ಹುಡುಗನಿಗೆ ಆ ಒಂದು ಪೀರಿಯಡ್ ಎಷ್ಟು ಉದ್ದ ಅನಿಸಿರಬಹುದೆಂದು ಅಂದು ತಿಳಿಯಿತು.

"ನೀವು ಉದ್ದ ಊದಿದ್ರಿ. ಅವು ಉದ್ದ ಹೋದ್ವು. ತಪ್ಪ ಯಾರದ್ರಿ?"

"ನಂದ್ರಿ ಸರ್."

"ಅದನ್ನ ನಾ ಹೇಳಿದ್ರ ಚಾಡಿ ಆಗತೈತಿ. ನೀವ ಹೇಳ್ರಿ. ಹೆಡ್ ಮಾಸ್ತರಿಗೆ ಅಲ್ಲ, ಮೊದಲ ಹುಡುಗರಿಗೆ."

"ಅಂಜಿಕಿ ಆಗತೈತ್ರಿ."

"ಆಗಬೇಕ್ರಿ. ನನಗ ಇಪ್ಪತ್ತೈದ ವರ್ಷ ದಿನಾ ಆಗೇತಿ. ಅಂಜಿಕಿ ಇಲ್ಲದವರ ಕೈಯಾಗ ಮಂದಿ ಮಕ್ಕಳನ್ನ ಕೊಡಬಾರದ."

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿದೆ. "ನಾನು ಸೀಟಿ ತಪ್ಪು ಊದಿದೆ. ನೀವು ಸರಿಯಾಗಿ ಕೇಳಿದಿರಿ. ಸೀಟಿ ಕಲಿತಿದ್ದೇನೆ ಎಂದು ಸರ್‌ಗೆ ಸುಳ್ಳು ಹೇಳಿದ್ದೆ." ಹಿಂದಿನಿಂದ ಒಬ್ಬ ಹುಡುಗ, "ಅಕ್ಕೋರ, ನಮಗೂ ಸಂಶೆ ಬಂದಿತ್ತ್ರಿ, ಮುಂದ ಹೊಳಿ ಐತಿ ಅಂತ. ಆದ್ರ ಸೀಟಿ ಅಂದ್ರ ಸೀಟಿ ಅಲ್ರಿ?" ಎಂದ.

ಆಗ ಸರ್ ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಮೊಸಳೆಯ ಮುಂದೆಯೂ ಹಾಗಾಗಿರಲಿಲ್ಲ. "ಅಂದ್ರ ತಪ್ಪ ನಂದೂ ಐತಿ," ಎಂದರು ಮಕ್ಕಳ ಮುಂದೆಯೇ. "ಕೇಳೂದ ಕಲಿಸೀನಿ, ನೋಡೂದ ಕಲಿಸಿಲ್ಲ. ಇವತ್ತಿನಿಂದ ಹಿಂಗ: ಮುಂದ ಅಪಾಯ ಕಂಡ್ರ ಸೀಟಿ ಕೇಳಬ್ಯಾಡ್ರಿ. ನಂದಾದ್ರೂ ಕೇಳಬ್ಯಾಡ್ರಿ. ತಿರುಗಿ ಬರ್ರಿ." ಛಡಿ ಏಟು ಯಾರಿಗೂ ಬೀಳಲಿಲ್ಲ. ನನಗೊಂದು ನೋಟೀಸು ಬಂತು, ಉತ್ತರ ಬರೆದೆ.

ಆ ಸಂಜೆಯಿಂದ ಒಂದು ತಿಂಗಳು ಅವರು ಖಾಲಿ ಮೈದಾನದಲ್ಲಿ ನನಗೆ ಸೀಟಿ ಕಲಿಸಿದರು. ನಿವೃತ್ತರಾದ ದಿನ ಹಿತ್ತಾಳೆಯ ಸೀಟಿಯನ್ನು ನನಗೇ ಕೊಟ್ಟರು. ಆಮೇಲೆ ನಾನು ಮಕ್ಕಳನ್ನು ಹೊರಗೆ ಒಯ್ದಾಗಲೆಲ್ಲ ನಿಪ್ಪಾಣಿಯಿಂದ ಅವರ ಫೋನು ಎರಡು ಸಲ ಬರುತ್ತಿತ್ತು. ಬೆಳಿಗ್ಗೆ, "ಎಷ್ಟ ಮಂದಿ ಹೊಂಟೀರಿ?" ಸಂಜೆ, "ಎಷ್ಟ ಮಂದಿ ಬಂದ್ರಿ?" ಎರಡೂ ಸಂಖ್ಯೆ ಒಂದೇ ಎಂದು ಕೇಳಿದ ಮೇಲೆ, ಬೇರೆ ಮಾತಿಲ್ಲದೆ ಇಟ್ಟುಬಿಡುತ್ತಿದ್ದರು. ನನಗೆ ಕೆಲವೊಮ್ಮೆ ರೇಗುತ್ತಿತ್ತು. ಒಂದು ಸಂಜೆ ಫೋನು ಬರಲಿಲ್ಲ. ಲಕ್ವಾ ಹೊಡೆದಿತ್ತು.

ನಾನು ಹೋದಾಗ ಅವರು ಯಾರನ್ನೂ ಗುರುತಿಸುವ ಸ್ಥಿತಿಯಲ್ಲಿರಲಿಲ್ಲ. ಬಲಗೈ ಬಿದ್ದುಹೋಗಿತ್ತು. ತುಟಿಯ ಮೇಲಿನ ಕಲೆ ಮಾತ್ರ ಹಾಗೆಯೇ ಇತ್ತು, ತುಟಿ ಅಲುಗುತ್ತಿತ್ತು. ಅವರ ಮಗಳು, "ಎರಡ ದಿನಾ ಆತ್ರಿ, ಅಕ್ಕೋರ, ಗಂಟಲೊಳಗ ಏನೋ ಅಂತಿರತಾರ. ಒಂದ ಕಡೆ ಬಂದು ನಿಂತು ಅಂಜಿದಂಗ ಮಾಡ್ತಾರ, ಮತ್ತ ಮೊದಲಿಂದ ಸುರು ಮಾಡ್ತಾರ. ಏನಂತ ತಿಳೀವಲ್ದು," ಎಂದಳು.

ಬಗ್ಗಿ ಕಿವಿಯಿಟ್ಟೆ. ಸತರಾ. ಅಠರಾ. ಏಕೋಣೀಸ. ಅಲ್ಲಿಗೆ ನಿಂತು, ಕಣ್ಣು ಅಗಲಿಸಿ, ಛಾವಣಿಯಲ್ಲಿ ಏನನ್ನೋ ಹುಡುಕಿದರು.

ಅವರ ಎಡಗೈಯನ್ನು ನನ್ನ ಎಡಗೈಯಲ್ಲಿ ಹಿಡಿದೆ. "ವೀಸ, ಸರ್," ಎಂದೆ. "ಆಕೀನೂ ಬಂದ್ಲು. ಎಲ್ಲಾರೂ ಬಂದಾರ್ರಿ."

ಕೈ ಒಮ್ಮೆ ಬಿಗಿಯಾಯಿತು. ಮತ್ತೆ ಅವರು ಮೊದಲಿನಿಂದ ಎಣಿಸಲಿಲ್ಲ.