ಅಲ್ಲೇ ಸೆಟಲ್ ಆಗ್ಯಾಳ

ಟಕ್ ಟಕ್. ಬೀಗವನ್ನು ಬಾಗಿಲಿಗೆ ಬಡಿಯುವ ಸದ್ದು. ಭಾಗ್ಯನಗರದ ನಮ್ಮ ಓಣಿಯಲ್ಲಿ ಬೀಗ ಹಾಕಿದ ಮನೆಯನ್ನೂ ಒಮ್ಮೆ ತಟ್ಟಿ ನೋಡುತ್ತಾರೆ. ಅವತ್ತು ತಟ್ಟಿದವಳು ಮತದಾರರ ಪಟ್ಟಿ ಹಿಡಿದು ಬಂದ ಅಂಗನವಾಡಿ ಟೀಚರ್. ಪಕ್ಕದ ಕಟ್ಟೆಯ ಮೇಲೆ ನಾನು ಟೀ ಕುಡಿಯುತ್ತಿದ್ದೆ.

"ಈ ಮನಿ ಹುಡುಗಿ ಎಲ್ಲದಾಳ್ರೀ ಅಮ್ಮಾರ?"

ತಾಯಿ ಕನಕಗಿರಿಯಲ್ಲಿ ಹಿರಿಮಗಳ ಮನೆಯಲ್ಲಿದ್ದಾಳೆ, ಹುಡುಗಿ ಮಸ್ಕತ್ತಿನಲ್ಲಿ ನರ್ಸ್, ರಜೆಗೆ ಬಂದು ಹೋಗುತ್ತಾಳೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ಆ ಹುಡುಗಿಗೆ ಇಂಗ್ಲಿಷ್ ಕಲಿಸಿದವಳು ನಾನು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕೊಟ್ಟದ್ದನ್ನೆಲ್ಲ ಅವಳಿಗೆ ದಾಟಿಸಿದ್ದೆ. ಆ ಪ್ರೈಡ್ ಸುಮ್ಮನಿರಬೇಕಲ್ಲ.

"ಆಕಿ ಇನ್ನೆಲ್ಲಿ ಈ ಊರಿಗೆ ಬರ್ತಾಳವಾ? ಪರ್ಮನೆಂಟಾಗಿ ಅಲ್ಲೇ ಸೆಟಲ್ ಆಗ್ಯಾಳ," ಎಂದೆ. ಟೀಚರ್ ಬರೆದುಕೊಂಡು ಮುಂದಿನ ಮನೆಗೆ ಹೋದಳು.

ಹುಡುಗಿ ಎಲೆಕ್ಷನ್ನಿಗೆಂದೇ ರಜೆ ಹೊಂದಿಸಿಕೊಂಡು ಬಂದಳು. ನನ್ನ ಮೊಣಕಾಲು ನೋವು ಗೊತ್ತಿದ್ದರಿಂದ ಕೈ ಹಿಡಿದು ಬೂತಿಗೆ ಕರೆದೊಯ್ದಳು. ಹೊರಗೆ ಮೇಜು ಹಾಕಿಕೊಂಡು ಅದೇ ಟೀಚರ್ ಕೂತಿದ್ದಳು. ನನ್ನ ಹೆಸರು ಸಿಕ್ಕಿತು. ಅವಳದು ಸಿಗಲಿಲ್ಲ.

"ನಿಮ್ಮ ಹೆಸರು ತಗದಾರವಾ. ಫಾರಿನ್‌ನ್ಯಾಗ ಇದ್ದವರಿಗೂ ಹಕ್ಕೈತಿ, ಖರೇ. ಅದಕ್ಕ ಬ್ಯಾರೆ ಅರ್ಜಿ ಹಾಕಬೇಕು, ಆಮ್ಯಾಲ ಪಾಸ್‌ಪೋರ್ಟ್ ಹಿಡ್ಕೊಂಡು ಇಲ್ಲಿಗೇ ಬರಬೇಕು. ಈಗ ಟೈಮ್ ಮುಗದೈತಿ."

ಪಾಸ್‌ಪೋರ್ಟ್ ಅವಳ ಬ್ಯಾಗಿನಲ್ಲೇ ಇತ್ತು. "ನಾ ಊರು ಬಿಟ್ಟೀನಂತ ಯಾರು ಹೇಳಿದ್ರಕ್ಕಾ?"

ಟೀಚರ್ ನನ್ನ ಕಡೆ ನೋಡಿದಳು. "ಇವರ ಹೇಳಿದ್ರಲ್ಲ. ಹೆಸರು ತಗೀತೀವಂತ ಬಾಗಲಕ್ಕ ನೋಟಿಸೂ ಹಚ್ಚಿದ್ದೆ. ಯಾರೂ ತಕರಾರು ಮಾಡಲಿಲ್ಲ."

ಹುಡುಗಿ ನಕ್ಕೇಬಿಟ್ಟಳು. "ಭಾಳ ಛಲೋ ಆತ್ರಿ ಮಿಸ್! ಕಲಿಸಿದವರೂ ನೀವ, ಊರು ಬಿಡಿಸಿದವರೂ ನೀವ." ಆಮೇಲೆ ದನಿ ಇಳಿಸಿ, "ಅಲ್ಲಿ ನಾ ಯಾರೂ ಅಲ್ರಿ. ಇಲ್ಲಿ ಒಂದಿನಾದ್ರೂ ಲೆಕ್ಕಕ್ಕ ಇರೋಣಂತ ಬಂದಿದ್ದೆ," ಎಂದಳು.

"ಐ ಆ್ಯಮ್ ಸೋ ಸಾರಿ," ಎಂದೆ. ಕನ್ನಡದಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

ಒಳಗೆ ಮೊಬೈಲ್ ಬಿಡುವುದಿಲ್ಲವೆಂದು ನನ್ನದನ್ನು ಅವಳೇ ಹಿಡಿದುಕೊಂಡಳು. ನಾನು ಬಟನ್ ಒತ್ತಿ ಬರುವವರೆಗೂ ಗೇಟಿನಾಚೆ ಬಿಸಿಲಿನಲ್ಲಿದ್ದಳು. ನನ್ನನ್ನು ಆಟೋದಲ್ಲಿ ಕೂರಿಸಿದಳು, ತಾನು ಹತ್ತಲಿಲ್ಲ. "ಕನಕಗಿರಿ ಬಸ್ಸಿಗೆ ಹೋಗ್ತೀನ್ರಿ ಮಿಸ್. ಅವ್ವ ಕಾಯಾಕತ್ತಾಳ."

ಆಟೋ ತಿರುಗುವಾಗ ಇಣುಕಿದೆ. ಅವಳು ಬಸ್ ಸ್ಟ್ಯಾಂಡಿನ ಕಡೆ ಹೊರಟಿರಲಿಲ್ಲ. ಗೇಟಿನ ಸರಳು ಹಿಡಿದು, ಪಾಳಿಯಲ್ಲಿ ನಿಂತ ಹೆಂಗಸರನ್ನೇ ನೋಡುತ್ತಿದ್ದಳು. ಆಮೇಲೆ ಅವಳು ಈ ಊರಿಗೆ ಬಂದಿಲ್ಲ.