ಮಂಗಳಗಿರಿ ಬಿಸಿಲಲ್ಲಿ ನಮ್ಮ ವ್ಯಾನು

ನನ್ನ ಗಂಡ ನೌಕಾಪಡೆಯಿಂದ ನಿವೃತ್ತರಾದ ವರ್ಷ ವಿಶಾಖಪಟ್ಟಣದಲ್ಲಿ ಹಳೆಯ ವ್ಯಾನೊಂದನ್ನು ಹರಾಜಿನಲ್ಲಿ ಕೊಂಡು ತಂದರು. ಧಾರವಾಡದ ಕಡೆಯವರಿಗೆ ಇಂಥ ಹುಚ್ಚು ಎಲ್ಲಿಂದ ಹತ್ತಿತೋ ದೇವರೇ ಬಲ್ಲ. ಮೂರು ಜನ ಮಲಗಲು ಹಲಗೆ, ಪ್ಲೈವುಡ್ ಕಪಾಟು, ಸ್ಟವ್ ಇಡುವ ಕಟ್ಟೆ, ರೆಕ್ಸಿನ್ ಸೀಟು, ಎಲ್ಲ ತಾವೇ ಮಾಡಿದರು. ಬಾಗಿಲು, ಕಿಟಕಿಗಳ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಉಪ್ಪುಗಾಳಿ ಒಳಗೆ ಬರಬಾರದು, ಹಡಗಿನಲ್ಲಿ ಹೀಗೇ ಮಾಡುವುದು ಎಂದರು. ಹಡಗಿನ ಮಾತು ಬಂದರೆ ಅವರ ಜೊತೆ ವಾದಿಸುವಂತಿರಲಿಲ್ಲ.

ಇಷ್ಟೆಲ್ಲ ಮಗಳಿಗಾಗಿ. ಅವಳು ವಿಜಯವಾಡದಲ್ಲಿ ಓದುತ್ತಿದ್ದಳು, ಕಡೆಯ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಸದಾ ಸಮುದ್ರದ ಮೇಲಿದ್ದ ಇವರು ಅವಳ ಜೊತೆ ಒಂದು ತಿಂಗಳು ಸತತವಾಗಿ ಕಳೆದದ್ದೇ ಇಲ್ಲ. ಅವಳದು ನನ್ನೊಡನೆ ಕನ್ನಡ, ಊರಿನೊಡನೆ ತೆಲುಗು, ಅಪ್ಪನೊಡನೆ ಬರೀ ಹೂಂ, ಇಲ್ಲ. ಪರೀಕ್ಷೆ ಮುಗಿಯುವ ತನಕ ಅವಳನ್ನು ಹಾಸ್ಟೆಲ್ ಬಿಡಿಸಿ ಜೊತೆಗಿರಿಸಿಕೊಳ್ಳಬೇಕು, ಮುಂದೆ ನೌಕರಿ, ಮದುವೆ ಎಂದು ಹೋದರೆ ಸಿಗುವುದಿಲ್ಲ ಎಂಬುದು ಇವರ ಲೆಕ್ಕ.

ವಿಜಯವಾಡಕ್ಕೆ ಹತ್ತಿರದ ಮಂಗಳಗಿರಿಯ ನೇಕಾರರೊಬ್ಬರ ಅಂಗಳದಲ್ಲಿ, ಬೇವಿನ ಮರದ ಹತ್ತಿರ ವ್ಯಾನು ನಿಂತಿತು. ಮಗಳೂ ಪುಸ್ತಕಗಳೊಡನೆ ಬಂದಳು. ಧಗೆ ಒಳಗೆ ಬಾರದಿರಲೆಂದು ಇವರು ಎಲ್ಲ ಕಿಟಕಿಗಳನ್ನೂ ಬಿಗಿದರು. ಸಮುದ್ರದ ತೇವದಲ್ಲಿ ಅಳತೆ ಹಿಡಿದು ಕೂರಿಸಿದ್ದ ಹಲಗೆಗಳು ಆ ಒಣ ಬಿಸಿಲಿಗೆ ಒಂದೇ ದಿನದಲ್ಲಿ ಕುಗ್ಗಿದವು. ಕಪಾಟಿನ ಬಾಗಿಲು ಸೊಟ್ಟಗಾಯಿತು, ರೆಕ್ಸಿನ್ ಬಿರಿಯಿತು. ಮರುದಿನ ತೇವ ಬೇಕೆಂದು ಒಳಗಡೆ ಒದ್ದೆ ಗೋಣಿತಟ್ಟು ತೂಗುಹಾಕಿ ಮತ್ತೆ ಕಿಟಕಿ ಮುಚ್ಚಿದರು. ವ್ಯಾನು ಇಡ್ಲಿ ಪಾತ್ರೆಯಾಯಿತು.

ಮಗಳು ಪುಸ್ತಕ ಮುಚ್ಚಿದಳು. "ಅಮ್ಮಾ, ನಾ ಹಾಸ್ಟೆಲ್‌ಗೇ ಹೋಗ್ತೀನಿ. ಇಲ್ಲಿ ಓದಾಕ ಆಗೂದಿಲ್ಲ."

"ನಾಳೆ ಬಿಟ್ಟು ಬರ್ತೀನಿ," ಎಂದರು ಇವರು. ಮುಖ ಸಣ್ಣದಾಗಿತ್ತು. ನನಗೆ ಪಾಪ ಅನ್ನಿಸುವ ಮೊದಲು ಸಿಟ್ಟೇ ಬಂತು. "ಇದು ಹಡಗಲ್ರೀ. ಮೊದಲ ಆ ಕಿಟಕಿ ತಗೀರಿ," ಎಂದೆ. ಇವರು ಕದಲಲಿಲ್ಲ.

ನನ್ನ ದನಿ ಕೇಳಿ ಮನೆಯೊಡತಿ ಮಗ್ಗದಿಂದೆದ್ದು ಬಂದಳು. ವ್ಯಾನಿನೊಳಗೆ ಇಣುಕಿ, ಮಗಳಿಗೆ ತೆಲುಗಿನಲ್ಲಿ ಏನೇನೋ ಹೇಳಿದಳು. ಇವರಿಗೆ ತೆಲುಗು ಅಷ್ಟಕ್ಕಷ್ಟೇ. ಮಗಳು ಅಪ್ಪನ ಕಡೆ ತಿರುಗಿ, ತಡವರಿಸುತ್ತ ಬಿಡಿಸಿ ಹೇಳಿದಳು.

"ಅಪ್ಪಾ, ಒಣಗಿದ್ರ ನೂಲು ಕಡೀತದಂತ, ಅದಕ್ಕ ಇವರು ಮಗ್ಗದ ಕೆಳಗಿನ ಗುಂಡಿ ಸುತ್ತ ನೀರು ಹಾಕ್ತಾರಂತ. ಆದ್ರ ಗಾಳಿ ಆಡಬೇಕಂತ. ಒದ್ದೀದು ಹೊರಗ ಕಟ್ಟಬೇಕು, ಎದುರಿನ ಕಿಟಕಿ ತಗೀಬೇಕು."

ಅವಳು ಅಪ್ಪನೊಡನೆ ಒಮ್ಮೆಲೇ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಇವರು ಚಾಕು ತಂದು ರಬ್ಬರ್ ಪಟ್ಟಿಗಳನ್ನು ತಾವೇ ಕಿತ್ತು ಕಿಟಕಿಗಳನ್ನು ತೆರೆದರು. ತಿಂಗಳ ಕೆಲಸ ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಬಿದ್ದಿತ್ತು. ಪಡುವಣ ಕಿಟಕಿಗಳ ಹೊರಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸಿದರು, ಛಾವಣಿಗೆ ಗೋಣಿ ಹೊದಿಸಿದರು, ಒಳಗೆ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟರು. ನಾನು ಹಲಗೆಗಳಿಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಒಳಗೆ ಉಸಿರಾಡುವ ಹಾಗಾಯಿತು. ಮಗಳು ಮತ್ತೆ ಪುಸ್ತಕ ತೆರೆದಳು.

ಆದರೆ ತಟ್ಟಿ ಕಾಲು ಗಂಟೆಗೊಮ್ಮೆ ಒಣಗುತ್ತಿತ್ತು. ಇವರು ತಲೆಗೆ ಟವೆಲ್ ಸುತ್ತಿ, ಬಕೆಟ್ಟು ಚೊಂಬು ಹಿಡಿದು ಹೊರಗೇ ನಿಂತರು. ಮಗಳ ಜೊತೆ ಇರಬೇಕೆಂದು ಬಂದ ಮನುಷ್ಯ ಅವಳಿಂದ ಒಂದು ಗೋಡೆಯಾಚೆ ನೀರು ಚಿಮುಕಿಸುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಮಗಳು ಪುಸ್ತಕಗಳನ್ನೆಲ್ಲ ಎತ್ತಿಕೊಂಡು ಇಳಿದಳು. ಹಾಸ್ಟೆಲಿಗೇ ಹೊರಟಳೆಂದುಕೊಂಡೆ. ಕಿಟಕಿಯಿಂದ ನೋಡಿದರೆ ಬೇವಿನ ನೆರಳಲ್ಲಿ ಎರಡು ಸ್ಟೂಲು ಹಾಕುತ್ತಿದ್ದಾಳೆ.

"ಅಪ್ಪಾ, ನೀವು ಕೂಡ್ರಿ. ಈ ಸಲ ತಟ್ಟಿಗೆ ನೀರು ನಾ ಹಾಕ್ತೀನಿ."

ಪರೀಕ್ಷೆ ಮುಗಿಯುವ ತನಕ ಹಗಲಲ್ಲಿ ಅವರಿಬ್ಬರೂ ಬೇವಿನಡಿಯೇ ಕೂತರು, ಒಳಗೆ ಬರಲಿಲ್ಲ. ಆ ತಂಪಾದ ವ್ಯಾನಿನಲ್ಲಿ ನಾನೊಬ್ಬಳೇ ಕೂತಿರುತ್ತಿದ್ದೆ. ಒಮ್ಮೆಯೂ ಅವರನ್ನು ಕರೆಯಲಿಲ್ಲ.